ಸೊನೆ ತಾಗಿತ್ತು, ‘ಅಮ್ಮ’ ಬಂದಿರಲಿಲ್ಲ

ಮೂರು ವರ್ಷದ ಹಿಂದಿನ ಮೇ ತಿಂಗಳು. ಅಂಕೋಲೆ ಪೇಟೆಯಲ್ಲಿ ಇಶಾಡ ಹಣ್ಣಿನ ಬುಟ್ಟಿಗಳು ಸಾಲಾಗಿ ಕೂತಿದ್ದವು. ಕೇಣಿಯ ನಮ್ಮ ಮನೆ ಹಿತ್ತಿಲಲ್ಲೂ ಒಂದು ಕರಿ ಇಶಾಡದ ಮರ ಇದೆ. ಆ ವರ್ಷ ಎಲೆಗಿಂತ ಕಾಯಿಯೇ ಜಾಸ್ತಿ ಅನ್ನುವ ಹಾಗೆ ಬಿಟ್ಟಿತ್ತು. ಅಣ್ಣನ ಮಗಳ ಮದುವೆಗೆ ಎಂಟೇ ದಿನ ಬಾಕಿ. ‘ಮದುವೆಮನೆಗೆ ನೂರು ಹಣ್ಣಾದರೂ ನಮ್ಮ ಮರದ್ದೇ ಹೋಗಬೇಕು’ ಅನ್ನೋದು ನನ್ನ ಹಟ.

ಮಗ ಮರ ಹತ್ತಿ ಕೊಯ್ದು ಕೊಟ್ಟ. ನಾನು ಕೆಳಗೆ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿದು ಹುಲ್ಲಿನ ಮೇಲೆ ಹರವಿದೆ. ತೊಟ್ಟು ಮುರಿದಾಗ ಸೊನೆ ಚಿರ್ ಅಂತ ಹಾರುತ್ತದಲ್ಲ, ಅದನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ಬಿಸಿಲು ಜೋರು, ಬೆವರು ಸುರಿಯುತ್ತಿತ್ತು. ಅದೇ ಕೈಯಲ್ಲಿ ಹಣೆ ಒರೆಸಿಕೊಂಡೆ, ಕುತ್ತಿಗೆ ಒರೆಸಿಕೊಂಡೆ. ಸ್ನಾನ ಮಾಡಿದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ.

ಮರುದಿನ ಏನೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಕಣ್ಣು ಬಿಡೋಕೆ ಆಗಲಿಲ್ಲ. ರೆಪ್ಪೆ ಎರಡೂ ಊದಿ ಬನ್ನಿನ ಹಾಗಾಗಿತ್ತು. ಕುತ್ತಿಗೆಯ ಮೇಲೆ ಬೆರಳಲ್ಲಿ ಗೀರಿದಂತೆ ಕೆಂಪು ಪಟ್ಟೆ. ಬೆರಳ ಸಂದಿಯಲ್ಲಿ, ಮುಂಗೈ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ. ತುರಿಕೆ ಅಂದರೆ ಅಂಥಿಂಥ ತುರಿಕೆ ಅಲ್ಲ, ಚರ್ಮವನ್ನೇ ಕಿತ್ತು ಎಸೆಯೋಣ ಅನ್ನಿಸುವಂಥದ್ದು.

ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು ನೋಡಿದಳು. “ಅಮ್ಮ ಬಂದದೆ ತಂಗೀ. ಮದುವೆಮನೆಗೆ ಹೋಗೂದು ಬ್ಯಾಡ.” ಇನ್ನೊಬ್ಬರು ಬಂದು ಕುತ್ತಿಗೆಯ ಪಟ್ಟೆ ನೋಡಿ ಸರ್ಪಸುತ್ತು ಅಂದರು. ಒಬ್ಬರು ಬೇವಿನ ಸೊಪ್ಪು ತಂದರು, ಒಬ್ಬರು ಸುಣ್ಣ ಹಚ್ಚು ಅಂದರು. ನಾನು ಎರಡನ್ನೂ ಮಾಡಿದೆ. ಸುಣ್ಣ ಹಚ್ಚಿದ ಜಾಗ ಸುಟ್ಟ ಹಾಗಾಗಿ ಐದನೇ ದಿನಕ್ಕೆ ನೀರು ಒಸರತೊಡಗಿತು.

ಅತ್ತಿಗೆಗೆ ಫೋನು ಮಾಡಿದೆ. ಅವಳು ಮೆಲ್ಲಗೆ ಅಂದಳು: “ಮನೆ ತುಂಬ ಮಕ್ಕಳಿದ್ದಾರೆ, ಬಸುರಿ ಹೆಂಗಸರೂ ಇದ್ದಾರೆ. ನಾನು ಬರಬೇಡ ಅಂತ ಹೇಳೂದಿಲ್ಲ, ನೀನೇ ಯೋಚನೆ ಮಾಡು.” ನಾನು ಹೋಗಲಿಲ್ಲ. ನೂರು ಹಣ್ಣೂ ಹೋಗಲಿಲ್ಲ, ‘ಅಮ್ಮ’ ಬಂದ ಮನೆಯ ಹಣ್ಣು ಅಂತ. ಎತ್ತಿ ಆಡಿಸಿ ಬೆಳೆಸಿದ ಹುಡುಗಿಯ ಧಾರೆಯನ್ನು ಅರ್ಧ ಮುಚ್ಚಿದ ಕಣ್ಣಿನಲ್ಲಿ ಮೊಬೈಲಿನಲ್ಲಿ ನೋಡಿದೆ. ಸೋದರತ್ತೆ ಮಾಡುವ ಶಾಸ್ತ್ರವನ್ನು ಬೇರೆ ಯಾರೋ ಮಾಡಿದರು.

ಮದುವೆ ಮುಗಿದ ಮೇಲೆ ಕಾರವಾರಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ನನ್ನ ಕೈ ತಿರುಗಿಸಿ ನೋಡಿ ಕೇಳಿದ್ದು ಎರಡೇ ಪ್ರಶ್ನೆ. “ಮನೆಯಲ್ಲಿ ಮಾವಿನ ಮರ ಇದೆಯಾ? ಗುಳ್ಳೆ ಏಳೋದಕ್ಕೆ ಎರಡು ದಿನ ಮೊದಲು ಏನು ಕೆಲಸ ಮಾಡ್ತಿದ್ರಿ?” ಹೇಳಿದೆ. “ಇದು ಮಾವಿನ ಸೊನೆಯ ಅಲರ್ಜಿ. ಒಬ್ಬರಿಂದ ಒಬ್ಬರಿಗೆ ಅಂಟೋದೇ ಇಲ್ಲ” ಅಂದರು. ಮದುವೆ ತಪ್ಪಿಸಿಕೊಂಡ ಕತೆ ಹೇಳಿದಾಗ ಅವರೂ ಒಂದು ಕ್ಷಣ ಸುಮ್ಮನಾದರು. “ಹೋಗಬಹುದಿತ್ತಲ್ರೀ” ಅಂದರು.

ಆ ಮಾತು ಇನ್ನೂ ಕಿವಿಯಲ್ಲಿದೆ. ನಿಮ್ಮ ಮನೆಯಲ್ಲಿ ಹೀಗಾಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ತಮ್ಮನಿಗೆ ಅಲ್ಲಿ ಬಳ್ಳಿ, ನನಗೆ ಇಲ್ಲಿ ಮರ

ಆ ರಾತ್ರಿ ನ್ಯೂಜೆರ್ಸಿಯಲ್ಲಿರುವ ತಮ್ಮ ವಿಡಿಯೋ ಕಾಲ್ ಮಾಡಿದ. ನನ್ನ ಮುಖ ನೋಡಿ ಗಾಬರಿ ಬೀಳಲಿಲ್ಲ, ನಕ್ಕುಬಿಟ್ಟ. “ಅಕ್ಕಾ, ನನಗೂ ಹಿಂಗೇ ಆಗಿತ್ತಲ್ಲ, ಮನೆ ಹಿಂದಿನ ಬೇಲಿ ಸವರಿದಾಗ!” ಅಲ್ಲಿ ‘ಪಾಯಿಸನ್ ಐವಿ’ ಅಂತ ಒಂದು ಬಳ್ಳಿ ಇದೆಯಂತೆ. ಮೂರು ಮೂರು ಎಲೆಯ ಗೊಂಚಲು. ಬೇಲಿ, ಮರ ಎಲ್ಲಿ ಬೇಕಾದರೂ ಹಬ್ಬುತ್ತದೆ. ತಾಗಿದರೆ ಒಂದೆರಡು ದಿನಕ್ಕೆ ಪಟ್ಟೆ ಪಟ್ಟೆಯಾಗಿ ಗುಳ್ಳೆ. ಮೂರೆಲೆ ಕಂಡರೆ ಮುಟ್ಟಬೇಡಿ ಅಂತ ಅಲ್ಲಿ ಮಕ್ಕಳಿಗೆ ಚಿಕ್ಕಂದಿನಲ್ಲೇ ಹೇಳಿಕೊಡುತ್ತಾರೆ.

ನಮ್ಮೂರಲ್ಲಿ ಆ ಬಳ್ಳಿ ಇಲ್ಲ. ಆದರೆ ಅದರ ನೆಂಟರೆಲ್ಲ ನಮ್ಮ ಹಿತ್ತಿಲಲ್ಲೇ ಇದ್ದಾರೆ. ಮಾವು, ಗೇರು, ಅಮಟೆ, ಕರಿಗೇರು, ಘಟ್ಟದ ಕಾಡಿನ ಹೊಳಗೇರು, ಅಮೆರಿಕದ ಆ ಬಳ್ಳಿ ಎಲ್ಲವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗೇರಿನ ಕುಟುಂಬಕ್ಕೇ ಸೇರಿದವು. ಎಲ್ಲದಕ್ಕೂ ಒಂದೇ ಸಮ ಸಿಟ್ಟಿಲ್ಲ. ಅಮಟೆಕಾಯಿ ಹೆಚ್ಚಿ ಕೈ ಸುಟ್ಟುಕೊಂಡವರನ್ನು ನಾನು ನೋಡಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ, ಹೊಳಗೇರಿನ ರಸ ಮಾತ್ರ ಬಲು ಖಾರ. ಮಾವು ನಡುವಿನದು. ಕೆಲವರಿಗೆ ಏನೂ ಮಾಡದು, ಕೆಲವರಿಗೆ ನನ್ನ ಹಾಗೆ ಮಾಡುತ್ತದೆ.

ಪಾಯಿಸನ್ ಐವಿಯ ಎಣ್ಣೆಗೆ ‘ಉರುಷಿಯಾಲ್’ ಅಂತ ಹೆಸರು. ಜಪಾನಿನಲ್ಲಿ ಮರದ ಬಟ್ಟಲು, ಪೆಟ್ಟಿಗೆಗಳಿಗೆ ಹಚ್ಚುವ ಮೆರುಗೆಣ್ಣೆಯನ್ನು ‘ಉರುಶಿ’ ಅನ್ನುತ್ತಾರೆ. ಅದೂ ಇದೇ ಕುಟುಂಬದ ಒಂದು ಮರದ ರಸ. ಹೆಸರು ಅಲ್ಲಿಂದ ಬಂತು. ಮಾವಿನ ಸೊನೆ ಮತ್ತು ಸಿಪ್ಪೆಯಲ್ಲಿ, ಗೇರುಬೀಜದ ಸಿಪ್ಪೆಯೆಣ್ಣೆಯಲ್ಲಿ ಇರುವುದು ಅದರ ಅಣ್ಣತಮ್ಮಂದಿರಂಥ ರಾಸಾಯನಿಕಗಳು. ನಮ್ಮ ಮೈ ಇವುಗಳ ನಡುವೆ ವ್ಯತ್ಯಾಸ ಗುರುತಿಸುವುದಿಲ್ಲ. ಅದಕ್ಕೇ ಅಲ್ಲಿ ಬಳ್ಳಿ ತಾಗಿ ಗುಳ್ಳೆ ಎದ್ದವರಿಗೆ ಮಾವಿನಕಾಯಿ ಸಿಪ್ಪೆ ತಾಗಿದರೂ ತುಟಿ ಸುತ್ತ ಗುಳ್ಳೆ ಏಳಬಹುದು. ಇಲ್ಲಿ ಮಾವು ಆಗದ ನಮ್ಮ ಮಕ್ಕಳು ಅಲ್ಲಿಗೆ ಹೋದರೆ ಆ ಬಳ್ಳಿಯಿಂದ ಹುಷಾರಾಗಿರಬೇಕು.

ಹಳೆಯ ಕತೆ ಒಂದಿದೆ. ಕರಿಗೇರಿನ ಕಾಯಿಯ ಕಪ್ಪು ರಸದಲ್ಲಿ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದ ಶಾಯಿ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಅಂಗಿಯ ಗುರುತು ತಾಗುವ ಜಾಗದಲ್ಲೇ ಗುಳ್ಳೆ ಎದ್ದವು. 1943ರಲ್ಲಿ ಅವರ ವೈದ್ಯರು ಅದರ ಬಗ್ಗೆ ಬರೆದರು. ಒಗೆದು ಒಣಗಿಸಿದ ಬಟ್ಟೆಯ ಮೇಲಿನ ಒಂದು ಚುಕ್ಕೆಯೂ ಮೈಗೆ ಸಾಕಾಗಿತ್ತು ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ವರ್ಷ ಆಗದ್ದು ಈಗ್ಯಾಕೆ?

ನಾನೂ ಇದನ್ನೇ ಕೇಳಿದೆ. ಹುಟ್ಟಿದಾಗಿನಿಂದ ಮಾವಿನ ಮರದ ಕೆಳಗೇ ಬೆಳೆದವಳು ನಾನು. ಚಿಕ್ಕವರಿದ್ದಾಗ ಗೇರುಬೀಜ ಸುಟ್ಟು ಕಲ್ಲಿನಲ್ಲಿ ಜಜ್ಜಿ ತಿಂದು, ಕೈ ಬಾಯಿ ಎಲ್ಲ ಕಪ್ಪಾಗಿ, ಸಿಪ್ಪೆ ಎದ್ದು, ಆಯಿ ಹತ್ತಿರ ಬೈಸಿಕೊಂಡವರು ನಾವೆಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಸೊನೆ ಎರಡು ರೀತಿ ಕೆಲಸ ಮಾಡುತ್ತದೆ. ಒಂದು, ನೇರವಾಗಿ ಸುಡುವುದು. ತೊಟ್ಟು ಮುರಿದಾಗ ಮೊದಲು ಚಿಮ್ಮುವ ಸೊನೆ ಬಹಳ ತೀಕ್ಷ್ಣ. ಯಾರ ಚರ್ಮಕ್ಕೆ ತಾಗಿದರೂ ಉರಿ, ಕಪ್ಪು ಕಲೆ. ಮಕ್ಕಳ ತುಟಿ ಪಕ್ಕದಲ್ಲಿ ಕಾಣುವ ಸೊನೆಗಾಯ ಹೆಚ್ಚಾಗಿ ಇದೇ. ಎರಡನೆಯದು ಅಲರ್ಜಿ. ಮೈಯೊಳಗಿನ ಕಾವಲುಪಡೆ ಈ ಎಣ್ಣೆಯನ್ನು ಒಮ್ಮೆ ವೈರಿ ಅಂತ ಗುರುತು ಹಾಕಿಕೊಂಡರೆ ಮುಗಿಯಿತು, ಮುಂದೆ ಪ್ರತಿ ಸಲ ದಂಡು ಕಟ್ಟಿಕೊಂಡು ಬರುತ್ತದೆ. ಆ ಗುರುತು ಯಾವ ವಯಸ್ಸಿನಲ್ಲಿ ಬೇಕಾದರೂ ಬೀಳಬಹುದು. ದಂಡು ಬಂದು ಸೇರೋಕೆ ಒಂದೆರಡು ದಿನ ಬೇಕು, ಅದಕ್ಕೇ ಗುಳ್ಳೆ ತಡವಾಗಿ ಏಳುತ್ತದೆ. ಮೊದಲ ಸಲವಾದರೆ ವಾರ, ಎರಡು ವಾರ ಕಳೆದೂ ಏಳಬಹುದು. ಅಷ್ಟೊತ್ತಿಗೆ ಮಾವಿನಕಾಯಿ ನೆನಪೇ ಹೋಗಿರುತ್ತದೆ. ನಾವು ‘ಅಮ್ಮ’ ಅಂತಲೋ ನಾಗನ ದೋಷ ಅಂತಲೋ ಅಂದುಕೊಳ್ಳುತ್ತೇವೆ.

ಹರಡುತ್ತಿದೆ ಅಂತ ಕಾಣುವುದು ಯಾಕೆ?

ನನ್ನನ್ನು ಮದುವೆ ತಪ್ಪಿಸಿದ್ದು ಈ ಒಂದು ತಪ್ಪು ತಿಳಿವಳಿಕೆ. ಇವತ್ತು ಕುತ್ತಿಗೆ, ನಾಳೆ ಕೈ, ನಾಡಿದ್ದು ಹೊಟ್ಟೆ. ನೋಡಿದವರಿಗೆ ಹರಡುವ ರೋಗ ಅಂತಲೇ ಅನ್ನಿಸುತ್ತದೆ.

ಆದರೆ ಗುಳ್ಳೆಯ ನೀರಿನಲ್ಲಿ ಸೊನೆ ಇಲ್ಲ. ಗುಳ್ಳೆ ಒಡೆದು ಆ ನೀರು ಪಕ್ಕದಲ್ಲಿ ಮಲಗಿದ ಮಗುವಿಗೆ ತಾಗಿದರೂ ಮಗುವಿಗೆ ಏನೂ ಆಗದು. ಸೊನೆ ಹೆಚ್ಚು ತಾಗಿದಲ್ಲಿ, ರೆಪ್ಪೆ ಕುತ್ತಿಗೆಯಂಥ ತೆಳು ಚರ್ಮದಲ್ಲಿ ಬೇಗ ಏಳುತ್ತದೆ. ಕಡಿಮೆ ತಾಗಿದಲ್ಲಿ, ಅಂಗೈಯಂಥ ದಪ್ಪ ಚರ್ಮದಲ್ಲಿ ನಿಧಾನ. ಎಲ್ಲವೂ ಒಂದೇ ದಿನ ತಾಗಿದ್ದು, ಕಾಣಿಸಿಕೊಳ್ಳುವ ದಿನ ಬೇರೆ ಬೇರೆ, ಅಷ್ಟೇ.

ಹಾಗಾದರೆ ಮತ್ತೆ ಮತ್ತೆ ಹೊಸದಾಗಿ ಏಳುತ್ತಲೇ ಇದ್ದರೆ? ಆಗ ಸೊನೆ ಇನ್ನೂ ಎಲ್ಲೋ ಕೂತಿದೆ ಅಂತ ಅರ್ಥ. ಉಗುರಿನ ಸಂದಿ, ಮಾವು ಕೊಯ್ದ ದಿನದ ಸೀರೆ, ಕತ್ತಿಯ ಹಿಡಿಕೆ, ಬುಟ್ಟಿಯ ಅಂಚು, ಮೊಬೈಲು. ಇದು ಎಣ್ಣೆ, ತಾನಾಗಿ ಬೇಗ ಹೋಗುವುದಿಲ್ಲ. ಸೈನಿಕರ ಅಂಗಿಯ ಚುಕ್ಕೆ ನೆನಪಿದೆಯಲ್ಲ? ನಾನು ಆ ದಿನ ಉಟ್ಟ ಹಳೇ ಸೀರೆಯನ್ನು ಒಗೆಯದೆ ಹಗ್ಗದ ಮೇಲೆ ಹಾಕಿದ್ದೆ. ಐದನೇ ದಿನ ಅದನ್ನೇ ಮತ್ತೆ ಉಟ್ಟೆ. ಸೊಂಟದ ಸುತ್ತ ಗುಳ್ಳೆ ಎದ್ದಿದ್ದು ಆಮೇಲೆ.

ತಾಗಿದ ಕೂಡಲೇ ಏನು ಮಾಡಬೇಕು

ಇಲ್ಲಿ ಹೊತ್ತು ಮುಖ್ಯ. ಹತ್ತು ಹದಿನೈದು ನಿಮಿಷದೊಳಗೆ ತೊಳೆದುಕೊಂಡರೆ ಬಹಳಷ್ಟು ತಪ್ಪಿಸಬಹುದು. ತಡವಾದರೂ ತೊಳೆಯುವುದು ಒಳ್ಳೆಯದೇ.

• ಸೋಪು ಹಚ್ಚಿ ತಣ್ಣೀರು ಬಿಟ್ಟುಕೊಂಡು ಎರಡು ಮೂರು ಸಲ ತೊಳೆಯಿರಿ. ಪಾತ್ರೆ ತೊಳೆಯುವ ಸೋಪಾದರೂ ಆದೀತು, ಎಣ್ಣೆ ಬಿಡಬೇಕು ಅಷ್ಟೇ. ಬರೀ ನೀರು ಸಾಲದು. ಕಡಲಿನ ಪಕ್ಕದ ನಮಗೆ ಎಲ್ಲದಕ್ಕೂ ಸಮುದ್ರದ ನೀರೇ ಮದ್ದು. ಸೊನೆಗೆ ಅದು ನಡೆಯುವುದಿಲ್ಲ.

• ಜೋರಾಗಿ ಉಜ್ಜಬೇಡಿ. ಮುಖ ತೊಳೆಯುವ ಮೊದಲು ಕೈ ಮತ್ತು ಉಗುರಿನ ಸಂದಿ ತೊಳೆಯಿರಿ.

• ಕಣ್ಣಿಗೆ ಹಾರಿದರೆ ಶುದ್ಧ ನೀರನ್ನು ಧಾರಾಳವಾಗಿ ಬಿಟ್ಟು ತೊಳೆದು, ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

• ಉಟ್ಟ ಬಟ್ಟೆಯನ್ನು ಬೇರೆಯಾಗಿ ಸೋಪಿನಲ್ಲಿ ಒಗೆಯಿರಿ. ಕತ್ತಿ, ಬುಟ್ಟಿ, ಕೊಕ್ಕೆ, ಮೊಬೈಲು, ಬಾಗಿಲ ಚಿಲಕ ಎಲ್ಲ ಒರೆಸಿ.

ಗುಳ್ಳೆ ಎದ್ದ ಮೇಲೆ

ಆಮೇಲಿನದು ತಾಳ್ಮೆಯ ಕೆಲಸ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಕೆರೆಯದೆ ಇರುವುದು ಹೇಗೆ ಅನ್ನುವುದೇ ಸಮಸ್ಯೆ.

ತಣ್ಣೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಹತ್ತಿಬಟ್ಟೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡಿ, ದಿನಕ್ಕೆ ನಾಲ್ಕಾರು ಸಲ. ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟಿದ್ದು ಇದೇ. ಕ್ಯಾಲಮೈನ್ ಲೋಷನ್ ತುರಿಕೆ ತಗ್ಗಿಸುತ್ತದೆ, ನೀರು ಒಸರುವುದನ್ನೂ ಒಣಗಿಸುತ್ತದೆ. ಬಿಸಿನೀರಿನ ಸ್ನಾನ ಬೇಡ. ಹಾಕಿಕೊಳ್ಳುವಾಗ ಹಾಯೆನಿಸಿದರೂ ಆಮೇಲೆ ತುರಿಕೆ ಎರಡರಷ್ಟಾಗುತ್ತದೆ. ಉಗುರು ಗಿಡ್ಡ ಇರಲಿ. ರಾತ್ರಿ ನಿದ್ದೆಯಲ್ಲಿ ಕೆರೆದುಕೊಳ್ಳುವ ಮಕ್ಕಳಿಗೆ ಹಳೇ ಹತ್ತಿ ಸಾಕ್ಸನ್ನು ಕೈಗೆ ತೊಡಿಸಬಹುದು. ಗುಳ್ಳೆ ಒಡೆಯಬೇಡಿ. ತಾನಾಗಿ ಒಡೆದರೆ ಸೋಪಿನಲ್ಲಿ ಮೆಲ್ಲಗೆ ತೊಳೆದು ಚೊಕ್ಕ ಬಟ್ಟೆ ಮುಚ್ಚಿ.

ಅಲರ್ಜಿ ಮಾತ್ರೆ ರಾತ್ರಿ ನಿದ್ದೆಗೆ ಸಹಾಯ ಮಾಡೀತು, ಈ ತುರಿಕೆಯನ್ನು ಪೂರ್ತಿ ನಿಲ್ಲಿಸದು. ಸ್ಟೀರಾಯ್ಡ್ ಕ್ರೀಮನ್ನು ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಮಾತ್ರ ಹಚ್ಚಬೇಕು. ಅಂಗಡಿಯಲ್ಲಿ ‘ತುರಿಕೆಗೆ ಏನಾದ್ರೂ ಕೊಡಿ’ ಅಂತ ಕೇಳಿ, ಮೂರು ನಾಲ್ಕು ಔಷಧ ಒಟ್ಟಿಗೆ ಇರುವ ಟ್ಯೂಬು ತಂದು ಮುಖಕ್ಕೆ ಬಳಿದುಕೊಳ್ಳಬೇಡಿ. ನನಗೆ ಮುಖ ಊದಿದ್ದರಿಂದ ಡಾಕ್ಟರು ಸ್ಟೀರಾಯ್ಡ್ ಮಾತ್ರೆಯನ್ನೇ ಕೊಟ್ಟರು, ದಿನ ದಿನಕ್ಕೆ ಕಡಿಮೆ ಮಾಡುತ್ತ ಹೋಗುವ ಲೆಕ್ಕದಲ್ಲಿ. ‘ನಾಲ್ಕು ದಿನಕ್ಕೆ ಕಡಿಮೆ ಆಯ್ತು ಅಂತ ಬಿಟ್ಟರೆ ಮತ್ತೆ ಮೊದಲಿನ ಹಾಗೇ ಏಳ್ತದೆ’ ಅಂತ ಎಚ್ಚರಿಸಿದ್ದರು. ಪೂರ್ತಿ ತೆಗೆದುಕೊಂಡೆ.

ಮುಖ, ಕಣ್ಣು, ಗುಪ್ತಾಂಗದ ಹತ್ತಿರ ಎದ್ದರೆ, ಮೈಯ ಬಹುಭಾಗಕ್ಕೆ ಬಂದರೆ, ಕೀವು ತುಂಬಿದರೆ, ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನಿಜವಾದ ಚಿಕನ್ ಪಾಕ್ಸ್ ಅಂಟುತ್ತದೆ, ಬಸುರಿಯರಿಗೆ ಅಪಾಯವೂ ಹೌದು. ಅದರಲ್ಲಿ ಸಾಮಾನ್ಯವಾಗಿ ಜ್ವರ ಇರುತ್ತದೆ, ಗುಳ್ಳೆ ಎದೆ ಬೆನ್ನಿನಲ್ಲೂ ಚದುರಿ ಏಳುತ್ತದೆ. ಸೊನೆಯದು ತಾಗಿದ ಜಾಗದಲ್ಲಿ, ಪಟ್ಟೆ ಪಟ್ಟೆಯಾಗಿ. ಆದರೂ ಅನುಮಾನ ಇದ್ದರೆ ನೆರೆಮನೆಯವರಿಗೆ ತೋರಿಸುವ ಮೊದಲು ಡಾಕ್ಟರಿಗೆ ತೋರಿಸಿ. ನಾನು ಮೂರನೇ ದಿನವೇ ಹೋಗಿದ್ದರೆ ಮದುವೆಗೆ ಇನ್ನೂ ಐದು ದಿನ ಇತ್ತು.

ಹದಿನೈದನೇ ದಿನದ ಮದ್ದು

ಊರಿನ ಮದ್ದುಗಳನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಕೇರಳದ ಕಡೆ ಹೊಳಗೇರಿನ ಜಾತಿಯ ಮರಕ್ಕೆ ‘ಚೇರು’ ಅನ್ನುತ್ತಾರೆ. ಅದು ತಾಗಿ ಮೈ ಊದಿದರೆ ತಾರೆ ಮರಕ್ಕೆ ಸುತ್ತು ಬಂದರೆ ವಾಸಿ ಅನ್ನುವ ನಂಬಿಕೆ ಅಲ್ಲಿದೆ. ಸುತ್ತು ಬಂದವರಿಗೆ ವಾಸಿಯೂ ಆಗುತ್ತದೆ, ಯಾಕೆಂದರೆ ಎರಡು ಮೂರು ವಾರಕ್ಕೆ ಅದು ಹೇಗಿದ್ದರೂ ವಾಸಿಯಾಗುವುದೇ. ಹದಿನೈದನೇ ದಿನ ಏನು ಹಚ್ಚಿರುತ್ತೇವೋ ಕೀರ್ತಿ ಅದಕ್ಕೆ ಹೋಗುತ್ತದೆ.

ಮರಕ್ಕೆ ಸುತ್ತು ಬಂದರೆ ನಷ್ಟವೇನೂ ಇಲ್ಲ. ಎದ್ದ ಗುಳ್ಳೆಯ ಮೇಲೆ ಸುಣ್ಣ, ಬೂದಿ, ಸೀಮೆಎಣ್ಣೆ, ನಿಂಬೆರಸ ಹಚ್ಚಿದರೆ ನಷ್ಟ ಇದೆ. ನನ್ನ ಮುಂಗೈಯಲ್ಲಿ ಇವತ್ತಿಗೂ ಉಳಿದಿರುವ ಕಲೆ ಸೊನೆಯದಲ್ಲ, ಸುಣ್ಣದ್ದು.

ಹಿರಿಯರ ಒಂದು ಪದ್ಧತಿ ಮಾತ್ರ ಅರ್ಥವಿರುವಂಥದ್ದು. ಹಸಿ ಗೇರುಬೀಜ ಬಿಡಿಸುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದು. ಸಿಪ್ಪೆಯ ಎಣ್ಣೆ ನೇರ ಚರ್ಮಕ್ಕೆ ತಾಗದಂತೆ ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆದರೆ ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆಯಲೇಬೇಕು. ಸೊನೆ ತಾಗಿದ ಮೇಲೆ ಎಣ್ಣೆ ಹಚ್ಚಿ ತಿಕ್ಕಿದರೆ ಇನ್ನಷ್ಟು ಜಾಗಕ್ಕೆ ಬಳಿದಂತಾಗುತ್ತದೆ. ಗೇರುಬೀಜದ ಸಿಪ್ಪೆ, ಹೊಳಗೇರಿನ ಕಟ್ಟಿಗೆ ಒಲೆಗೆ ಹಾಕಬೇಡಿ. ಹೊಗೆಯ ಜೊತೆ ಆ ಎಣ್ಣೆ ಕಣ್ಣಿಗೆ, ಶ್ವಾಸಕೋಶಕ್ಕೆ ಹೋದರೆ ಮೈಮೇಲಿನ ಗುಳ್ಳೆಗಿಂತ ದೊಡ್ಡ ಕಷ್ಟ.

ಈಗ ನಮ್ಮ ಮನೆಯಲ್ಲಿ

ಕರಿ ಇಶಾಡಕ್ಕೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ತೆಳು ಸಿಪ್ಪೆ, ತುಂಬ ತಿರುಳು, ಆ ಸವಿ ಬೇರೆ ಹಣ್ಣಿಗೆ ಎಲ್ಲಿಂದ ಬರಬೇಕು? ಅಲರ್ಜಿ ಅಂತ ಮರ ಕಡಿಯಲಿಲ್ಲ. ಕೆಲಸದ ರೀತಿ ಬದಲಿಸಿದೆವು. ಮಗ ಕಾಯಿಯನ್ನು ತೊಟ್ಟಿನ ಸಮೇತ ಇಳಿಸುತ್ತಾನೆ. ಆಮೇಲೆ ತೊಟ್ಟು ಕತ್ತರಿಸಿ, ಕಾಯಿ ತಲೆಕೆಳಗು ಮಾಡಿ ಸೊನೆ ನೆಲಕ್ಕೆ ಇಳಿಯಲು ಬಿಡುತ್ತಾನೆ. ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸು. ಬಾವಿಕಟ್ಟೆಯ ಮೇಲೆ ಸೋಪು ಮೊದಲೇ ಇಟ್ಟಿರುತ್ತೇವೆ. ಕಾಯಿಗಳನ್ನೂ ತೊಳೆದೇ ಹಣ್ಣಿಗೆ ಹಾಕುತ್ತೇವೆ. ನಾನು ಹತ್ತಿರ ಹೋಗುವುದಿಲ್ಲ, ದೂರ ಕೂತು ಲೆಕ್ಕ ಇಡುವುದಷ್ಟೇ ನನ್ನ ಕೆಲಸ. ಮಾವಿನಕಾಯಿ ಉಪ್ಪಿನಕಾಯಿಗೆ ಹೆಚ್ಚಿಕೊಡುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಹಣ್ಣು ತಿನ್ನಬಹುದಾ ಅಂತ ಡಾಕ್ಟರನ್ನು ಕೇಳಿದ್ದೆ. ತೊಂದರೆ ಹೆಚ್ಚಾಗಿ ಸಿಪ್ಪೆಯಲ್ಲಿ ಮತ್ತು ತೊಟ್ಟಿನ ಸುತ್ತ. ಬೇರೆಯವರು ಚೆನ್ನಾಗಿ ತೊಳೆದು, ಸಿಪ್ಪೆ ದಪ್ಪಗೆ ತೆಗೆದು ಕೊಟ್ಟರೆ ಬಹಳ ಜನಕ್ಕೆ ತಿರುಳು ಒಗ್ಗುತ್ತದೆ. ತುಟಿ ಉರಿದರೆ, ಊದಿದರೆ ಮಾತ್ರ ನಿಲ್ಲಿಸಬೇಕು ಅಂದಿದ್ದರು.

ಮದುವೆಯ ಮರುವರ್ಷ ಮೇ ತಿಂಗಳಲ್ಲಿ ಅಣ್ಣನ ಮಗಳು ಗಂಡನನ್ನು ಕರೆದುಕೊಂಡು ಕೇಣಿಗೆ ಬಂದಳು. ಊಟ ಆದ ಮೇಲೆ ನಾನು ಅಭ್ಯಾಸಬಲದಲ್ಲಿ ಹಣ್ಣಿನ ಬುಟ್ಟಿಗೆ ಕೈ ಹಾಕಲು ಹೋದೆ. “ಅತ್ತೆ, ನೀ ಮುಟ್ಟಬೇಡ, ನಾ ಕೊಡ್ತೆ” ಅಂತ ಬುಟ್ಟಿ ಎಳೆದುಕೊಂಡಳು. ಬಾವಿಕಟ್ಟೆಯಲ್ಲಿ ತೊಳೆದು, ದಪ್ಪಗೆ ಸಿಪ್ಪೆ ತೆಗೆದು, ಕೈಯನ್ನೂ ಚಾಕುವನ್ನೂ ಮತ್ತೊಮ್ಮೆ ಸೋಪಿನಲ್ಲಿ ತೊಳೆದು ಬಂದು, ಹೋಳು ಮಾಡಿ ತಟ್ಟೆಯಲ್ಲಿಟ್ಟು ನನ್ನ ಮುಂದೆ ತಂದಳು. “ಮದುವೆ ದಿನ ತಿನ್ನಬೇಕಾಗಿದ್ದ ಹಣ್ಣು ಇದು” ಅಂದಳು. ಪಕ್ಕದ ಮನೆಯ ಅಜ್ಜಿಯೂ ಅಲ್ಲೇ ಕೂತಿದ್ದಳು. ಅವಳಿಗೂ ಎರಡು ಹೋಳು ಕೊಟ್ಟೆವು.